‘ಯಾರೇ ಕೂಗಾಡಲಿ’ ರಾಜ್‌ಕುಮಾರ್ ಅವರ ಗುರುತಿನ ಹಾಡಾದದ್ದು ಹೇಗೆ?

ಯೋಜನೆಯಿಂದಲ್ಲ, ಅನಿವಾರ್ಯದಿಂದ. ಅಲ್ಲಿಯವರೆಗೆ ತೆರೆಯ ಮೇಲಿನ ರಾಜ್ ಧ್ವನಿ ಬಹುಪಾಲು ಪಿ.ಬಿ. ಶ್ರೀನಿವಾಸ್ ಅವರದ್ದು. 1974ರ ‘ಸಂಪತ್ತಿಗೆ ಸವಾಲ್’ ಧ್ವನಿಮುದ್ರಣದ ದಿನ ಅವರಿಗೆ ಆರೋಗ್ಯ ಸರಿಯಿರಲಿಲ್ಲ. ಚಿ. ಉದಯಶಂಕರ್ ಬರೆದ ಹಾಡನ್ನು ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ರಾಜ್ ಅವರಿಂದಲೇ ಹಾಡಿಸಿದರು.

ಇದೇ ಅವರ ಮೊದಲ ಹಾಡು ಎನ್ನುವವರಿದ್ದಾರೆ, ಅದು ತಪ್ಪು; 1959ರ ‘ಮಹಿಷಾಸುರ ಮರ್ದಿನಿ’ಯಲ್ಲೇ ಎಸ್. ಜಾನಕಿ ಜತೆ ‘ತುಂಬಿತು ಮನವ’ ಹಾಡಿದ್ದರು. ಆದರೆ ಅದು ಅಭ್ಯಾಸವಾಗಲಿಲ್ಲ.

ಈ ಹಾಡು ನಿಂತದ್ದು ಧ್ವನಿಯ ಹೊಂದಿಕೆಯಿಂದ. ಎಮ್ಮೆ ಮೇಲೆ ಕೂತ ಹಳ್ಳಿ ಹೈದನಿಗೆ ಶ್ರೀನಿವಾಸ್ ಅವರ ಮೃದು ಕಂಠಕ್ಕಿಂತ ರಂಗಭೂಮಿಯಲ್ಲಿ ಪಳಗಿದ ತೆರೆದ ಗಂಟಲೇ ಒಪ್ಪುತ್ತಿತ್ತು ಎಂದು ನನ್ನೆಣಿಕೆ. ಮಾತು, ಹಾಡು ಒಂದೇ ಬಾಯಿಂದ ಬಂದವು. ಮುಂದೆ ತಮ್ಮ ಹಾಡುಗಳನ್ನು ಹೆಚ್ಚಾಗಿ ಅವರೇ ಹಾಡಿದರು.