ಫಾಸ್ಟರ್ ಮನೆಯಲ್ಲಿರುವ ಸ್ಪ್ಯಾನಿಯೆಲ್ ನಾಯಿಯನ್ನು ದತ್ತು ತಗೊಳ್ಳೋ ಮುಂಚೆ ಏನು ಕೇಳಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಫಾಸ್ಟರ್ ಮನೆಯಲ್ಲಿ, ಅಂದರೆ ಹೊಸ ಮನೆ ಸಿಗುವವರೆಗೆ ತಾತ್ಕಾಲಿಕವಾಗಿ ನೋಡಿಕೊಳ್ಳುವವರ ಮನೆಯಲ್ಲಿ ಇರುವ ನಾಲ್ಕು ವರ್ಷದ ಹೆಣ್ಣು ಕಾಕರ್ ಸ್ಪ್ಯಾನಿಯೆಲ್ ಫೋಟೋ ನೋಡಿದ್ದೀರಿ, ಮನಸ್ಸಾಗಿದೆ. ಆದರೆ ಕೆಳಗೆ "ಸ್ವಲ್ಪ ಅಂಜುಬುರುಕಿ, ಊಟ ಹಾಕಿದಾಗ ಹತ್ತಿರ ಹೋಗಬೇಡಿ, ಕಿವಿಗೆ ಔಷಧಿ ನಡೀತಿದೆ" ಅಂತ ಬರೆದಿರೋದು ನೋಡಿ ಹಿಂಜರಿಕೆ ಆಗಿದೆ. ಇನ್ನೊಬ್ಬರ ಮನೆಯಲ್ಲಿ ಬೆಳೆದ ನಾಯಿ ನಮಗೆ ಹೊಂದಿಕೊಳ್ಳುತ್ತಾ, ಅದರ ಬದಲು ಒಂದು ಮರಿ ತರೋದೇ ವಾಸಿಯಾ ಅಂತ ಕೇಳಿದ್ದೀರಿ. ಇದು ನಿಮ್ಮ ಮೊದಲ ನಾಯಿ ಅಂತಲೂ ಹೇಳಿದ್ದೀರಿ.

ರೆಸ್ಕ್ಯೂ ಆದ ಸ್ಪ್ಯಾನಿಯೆಲ್‌ಗಳನ್ನು ಹೊಸ ಮನೆ ಸಿಗುವವರೆಗೆ ನಾನು ನನ್ನ ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ. ಹಾಗಾಗಿ ಫಾಸ್ಟರ್ ಮಾಡುವವರ ಕಡೆಯಿಂದ ಹೇಳ್ತೀನಿ. ನಿಮ್ಮನ್ನು ಹೆದರಿಸಿದ ಆ ಸಾಲೇ ನನಗೆ ಆ ಮನೆಯವರ ಮೇಲೆ ನಂಬಿಕೆ ಹುಟ್ಟಿಸಿತು. "ತುಂಬಾ ಮುದ್ದು, ಎಲ್ಲರ ಜೊತೆ ಚೆನ್ನಾಗಿರ್ತಾಳೆ" ಅಂತ ಅಷ್ಟೇ ಬರೆದಿದ್ದರೆ ನಾನು ಅನುಮಾನ ಪಡುತ್ತಿದ್ದೆ. ಯಾರೋ ಒಬ್ಬರು ಆ ನಾಯಿ ಜೊತೆ ದಿನಾ ಬದುಕುತ್ತಿದ್ದಾರೆ, ನೋಡುತ್ತಿದ್ದಾರೆ, ನೋಡಿದ್ದನ್ನು ಮುಚ್ಚಿಡದೆ ಬರೆದಿದ್ದಾರೆ. ದತ್ತು ತಗೊಳ್ಳುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ. ಎಂಟು ವಾರದ ಮರಿ ದೊಡ್ಡದಾದ ಮೇಲೆ ಹೇಗಾಗುತ್ತೆ ಅಂತ ಯಾರೂ ಹೇಳಲಾರರು. ನಾಲ್ಕು ವರ್ಷದ ನಾಯಿ ಹೇಗಿದೆ ಅಂತ ಹೇಳುವವರು ಫೋನಿನ ಆ ಕಡೆ ಇದ್ದಾರೆ.

ಆದ್ದರಿಂದ ಫೋಟೋ ನೋಡಿ ತೀರ್ಮಾನಿಸಬೇಡಿ. ಫೋನ್ ಮಾಡಿ, ಆ ನಾಯಿಯ ಒಂದು ದಿನ ಹೇಗಿರುತ್ತೆ ಅಂತ ಪೂರ್ತಿ ಕೇಳಿ. "ಒಳ್ಳೆ ನಾಯಿನಾ?" ಅಂತ ಕೇಳಿದರೆ ಎಲ್ಲರೂ ಹೌದು ಅಂತಾರೆ, ನಿಮಗೆ ಏನೂ ತಿಳಿಯೋದಿಲ್ಲ. ಬಾಗಿಲ ಬೆಲ್ ಆದಾಗ ಏನು ಮಾಡ್ತಾಳೆ? ಒಬ್ಬಳನ್ನೇ ಬಿಟ್ಟು ಎಷ್ಟು ಹೊತ್ತು ಹೊರಗೆ ಹೋಗಿದ್ದೀರಿ, ವಾಪಸ್ ಬಂದಾಗ ಮನೆ ಹೇಗಿತ್ತು? ರಾತ್ರಿ ಎಲ್ಲಿ ಮಲಗ್ತಾಳೆ? ಮಕ್ಕಳನ್ನು ನೋಡಿದ್ದಾಳಾ? ಕಿವಿ ಮುಟ್ಟಿದರೆ, ಪಾದ ಹಿಡಿದರೆ ಹೇಗೆ? ಕೊನೆಯ ಸಲ ಗುರ್ ಅಂದಿದ್ದು ಯಾವಾಗ, ಅದಕ್ಕೆ ಮುಂಚೆ ಏನು ನಡೀತಿತ್ತು? ಈ ಕೊನೆಯ ಪ್ರಶ್ನೆ ಕೇಳೋಕೆ ಜನ ಸಂಕೋಚ ಪಡ್ತಾರೆ. ದಯವಿಟ್ಟು ಕೇಳಿ. ನೇರವಾಗಿ ಕೇಳಿದವರಿಗೆ ಫಾಸ್ಟರ್‌ನವರು ನೇರವಾಗಿಯೇ ಹೇಳ್ತಾರೆ.

ಕಿವಿ ವಿಷಯ ಸ್ವಲ್ಪ ಉದ್ದವಾಗಿ ಹೇಳಬೇಕು. ಸ್ಪ್ಯಾನಿಯೆಲ್‌ಗಳ ಅರ್ಧ ಕಥೆ ಕಿವಿಯಲ್ಲೇ ಇದೆ. ಉದ್ದ ಕಿವಿ ಜೋತುಬಿದ್ದು ರಂಧ್ರವನ್ನು ಮುಚ್ಚಿಬಿಡುತ್ತೆ. ಒಳಗೆ ಗಾಳಿ ಆಡೋದಿಲ್ಲ, ಬಿಸಿ ಮತ್ತು ತೇವ ಹಾಗೇ ಉಳಿಯುತ್ತೆ. ಕಾಕರ್‌ಗಳಲ್ಲಿ ಗುಗ್ಗೆ ಮಾಡುವ ಗ್ರಂಥಿಗಳೂ ಜಾಸ್ತಿ. ಯೀಸ್ಟ್, ಬ್ಯಾಕ್ಟೀರಿಯಾ ಬೆಳೆಯೋಕೆ ಇಷ್ಟು ಸಾಕು. ಸಮಯಕ್ಕೆ ಸರಿಯಾಗಿ ನೋಡಿಕೊಂಡರೆ ಸಣ್ಣ ತೊಂದರೆ. ವರ್ಷಗಟ್ಟಲೆ ಬಿಟ್ಟರೆ ಒಳಗಿನ ಚರ್ಮ ದಪ್ಪಗಾಗಿ ದಾರಿಯೇ ಮುಚ್ಚಿಹೋಗುತ್ತೆ. ಕೊನೆಗೆ ಇಡೀ ಕಿವಿನಾಳವನ್ನೇ ಆಪರೇಷನ್ ಮಾಡಿ ತೆಗೆಯಬೇಕಾಗಿ ಬರಬಹುದು.

ನನ್ನ ಹತ್ತಿರ ಒಬ್ಬಳು ಕಪ್ಪು ಕಾಕರ್ ಬಂದಿದ್ದಳು. "ತಲೆ ಸವರೋಕೆ ಹೋದರೆ ಕಚ್ಚೋಕೆ ಬರ್ತಾಳೆ" ಅಂತ ಬಿಟ್ಟುಹೋಗಿದ್ದರು. ಕಿವಿ ಎತ್ತುವ ಮುಂಚೆಯೇ ವಾಸನೆ ಮೂಗಿಗೆ ಬಡಿಯುತ್ತಿತ್ತು, ಹಳೇ ಹಿಟ್ಟು ಹುಳಿ ಬಂದ ಹಾಗೆ. ಒಳಗೆ ಕಂದು ಬಣ್ಣದ ಗುಗ್ಗೆ, ಕೆಂಪಗೆ ಊದಿದ ಚರ್ಮ. ಕಿವಿಯ ಹಿಂದೆ ಕೂದಲು ಗಂಟುಕಟ್ಟಿ, ಪ್ರತಿ ಸಲ ತಲೆ ತಿರುಗಿಸಿದಾಗಲೂ ಚರ್ಮವನ್ನು ಎಳೆಯುತ್ತಿತ್ತು. ವೆಟ್ (ಪಶುವೈದ್ಯರು) ಅವಳಿಗೆ ಮತ್ತು ಬರುವ ಔಷಧಿ ಕೊಟ್ಟು ಸ್ವಚ್ಛ ಮಾಡಿ, ನೋವಿಗೆ ಔಷಧಿ ಕೊಟ್ಟರು. ಆಮೇಲೆ ದಿನಾ ಡ್ರಾಪ್ಸ್ ಹಾಕುವ ಕೆಲಸ ನನ್ನದು. ಮೊದಲು ಬಾಟಲಿಯನ್ನು ನೆಲದ ಮೇಲೆ ಇಟ್ಟು ಪಕ್ಕದಲ್ಲಿ ತಿಂಡಿ ಇಡೋದು, ಅಷ್ಟೇ. ಮುಂದೆ ಕಿವಿಗೆ ಬೆರಳು ತಾಗಿಸಿ ತಿಂಡಿ. ಆಮೇಲೆ ಕಿವಿ ಎತ್ತಿ ತಿಂಡಿ. ಡ್ರಾಪ್ಸ್ ಬಾಟಲಿಯನ್ನು ಕೈಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಂಡೇ ಹಾಕುತ್ತಿದ್ದೆ, ತಣ್ಣಗಿದ್ದರೆ ಬೆಚ್ಚಿಬೀಳುತ್ತಿದ್ದಳು. ನೋವು ಹೋದ ಮೇಲೆ ಅವಳು ತಾನಾಗಿಯೇ ಬಂದು ನನ್ನ ಮಂಡಿ ಮೇಲೆ ಗಲ್ಲ ಇಡೋಕೆ ಶುರುಮಾಡಿದಳು. ಅವಳದ್ದು ಸಿಟ್ಟಿನ ಸ್ವಭಾವ ಅಲ್ಲವೇ ಅಲ್ಲ. ನೋಯುವ ಜಾಗ ಮುಟ್ಟಬೇಡಿ ಅನ್ನುತ್ತಿದ್ದಳು.

ನಿಮ್ಮ ನಾಯಿಗೆ ಕಿವಿ ಔಷಧಿ ನಡೀತಿದೆ ಅಂದರೆ ಅದು ಒಳ್ಳೆಯ ಸುದ್ದಿ. ಎಷ್ಟು ದಿನದಿಂದ, ಯಾವ ಔಷಧಿ, ವೆಟ್ ಮತ್ತೆ ಯಾವಾಗ ನೋಡ್ತಾರೆ, ಅಲರ್ಜಿ ಏನಾದರೂ ಇದೆಯಾ, ಇದೆಲ್ಲ ಕೇಳಿ. ಪದೇ ಪದೇ ಬರುವ ಕಿವಿ ಸೋಂಕಿನ ಹಿಂದೆ ಬಹಳ ಸಲ ಚರ್ಮದ ಅಲರ್ಜಿ ಇರುತ್ತೆ. ಫಾಸ್ಟರ್ ಮನೆಗೆ ಹೋದಾಗ ಡ್ರಾಪ್ಸ್ ಹಾಕೋದನ್ನು ನಿಮ್ಮ ಕಣ್ಣೆದುರೇ ತೋರಿಸಿ ಅನ್ನಿ. ಸಾಧ್ಯವಾದರೆ ನೀವೇ ಒಂದು ಸಲ ಹಾಕಿ ನೋಡಿ. ಇನ್ನೊಂದು ಚಿಕ್ಕ ವಿಷಯ. ಬಾಯಿ ಕಿರಿದಾದ, ಆಳದ ಬಟ್ಟಲು ತಗೊಳ್ಳಿ. ಕಿವಿಗಳು ಹೊರಗೆ ಜೋತಾಡುತ್ತವೆ, ನೀರಲ್ಲಿ ಮುಳುಗೋದಿಲ್ಲ.

ಇನ್ನು ಊಟದ ಹತ್ತಿರ ಹೋಗಬೇಡಿ ಅನ್ನೋದು. ತನ್ನ ವಸ್ತು ಯಾರೋ ಕಿತ್ತುಕೊಳ್ತಾರೆ ಅನ್ನುವ ಭಯದಿಂದ ಬಟ್ಟಲು, ಆಟಿಕೆ, ಕದ್ದ ಕಾಲುಚೀಲ ಇತ್ಯಾದಿಗಳನ್ನು ಕಾಯುವ ಗುಣ ಕಾಕರ್‌ಗಳಲ್ಲಿ ಕಂಡುಬರುತ್ತೆ. 1990ರ ದಶಕದಲ್ಲಿ ಬ್ರಿಟನ್ನಿನಲ್ಲಿ ಇಂಗ್ಲಿಷ್ ಕಾಕರ್‌ಗಳ ಮೇಲೆ ನಡೆದ ಅಧ್ಯಯನವೊಂದು, ಒಂದೇ ಬಣ್ಣದವುಗಳಲ್ಲಿ ಆಕ್ರಮಣದ ವರ್ತನೆ ಮಿಶ್ರ ಬಣ್ಣದವುಗಳಿಗಿಂತ ಜಾಸ್ತಿ ಅಂತ ಹೇಳಿತ್ತು. ಇದನ್ನು ಓದಿ ಕೆಲವರು ಬಣ್ಣ ನೋಡಿಯೇ ನಾಯಿ ಬೇಡ ಅಂತಾರೆ. ಅದು ಸಾವಿರಾರು ಮೈಲಿ ದೂರದಿಂದ ನಾಯಿಯನ್ನು ನೋಡಿದ ಹಾಗೆ. ನಿಮ್ಮ ಎದುರಿಗಿರುವ ಈ ನಾಯಿ ಹೇಗೆ ಅನ್ನೋದನ್ನು ಬಣ್ಣ ಹೇಳೋದಿಲ್ಲ, ಜೊತೆಗಿರುವ ಮನುಷ್ಯರು ಹೇಳ್ತಾರೆ. ಬರೀ ಗುರ್ ಅಂತಾಳಾ, ಮೈ ಬಿಗಿಮಾಡಿ ಬೇಗ ಬೇಗ ನುಂಗ್ತಾಳಾ, ಹಲ್ಲು ತಾಗಿಸಿದ್ದಾಳಾ, ಬಟ್ಟಲಿಗೆ ಮಾತ್ರನಾ ಅಥವಾ ಸೋಫಾಗೂನಾ, ಕೇಳಿ ತಿಳ್ಕೊಳ್ಳಿ.

ಬರೀ ಊಟದ ಬಟ್ಟಲಿಗೆ ಅಂತಾದರೆ ದೊಡ್ಡವರಷ್ಟೇ ಇರುವ ಮನೆಯಲ್ಲಿ ನಿಭಾಯಿಸಬಹುದು. ಒಂದು ಮೂಲೆಯಲ್ಲಿ ಊಟ ಇಟ್ಟು ಸುಮ್ನೆ ಬಿಟ್ಟುಬಿಡಿ. ಪಕ್ಕದಲ್ಲಿ ಹಾದುಹೋಗುವಾಗ ದೂರದಿಂದಲೇ ಇನ್ನೂ ರುಚಿಯಾದ ಒಂದು ತುಂಡು ಅದರ ಕಡೆ ಎಸೆದು ಮುಂದೆ ಹೋಗಿ. ಜನ ಹತ್ತಿರ ಬಂದರೆ ಊಟ ಹೋಗೋದಿಲ್ಲ, ಜಾಸ್ತಿ ಆಗುತ್ತೆ ಅಂತ ಅವಳು ಕಲಿಯಬೇಕು. ಬಾಯಲ್ಲಿರೋದು ಬೇಕಿದ್ದರೆ ಕಿತ್ತುಕೊಳ್ಳಬೇಡಿ, ಬದಲಿಗೆ ಇನ್ನೊಂದು ಕೊಟ್ಟು ತಗೊಳ್ಳಿ. "ಯಾರು ಯಜಮಾನ ಅಂತ ತೋರಿಸಬೇಕು, ಬಟ್ಟಲಿಗೆ ಕೈ ಹಾಕಿ" ಅಂತ ಸಲಹೆ ಕೊಡುವವರು ಸಿಗ್ತಾರೆ. ಅವರ ಮಾತು ಕೇಳಬೇಡಿ. ಅವಳು ಹೆದರಿದ್ದು ಸರಿ ಅಂತ ಅದರಿಂದ ಸಾಬೀತಾಗುತ್ತೆ ಅಷ್ಟೇ. ಗುರ್ ಅಂದಿದ್ದಕ್ಕೆ ಬೈಯಲೂಬೇಡಿ. ಗುರ್ ಅನ್ನೋದು ಅವಳು ಕೊಡುವ ಎಚ್ಚರಿಕೆ. ಅದನ್ನು ಬಾಯಿ ಮುಚ್ಚಿಸಿದರೆ ಮುಂದಿನ ಸಲ ಎಚ್ಚರಿಕೆಯೇ ಇಲ್ಲದೆ ಹಲ್ಲು ಬರುತ್ತೆ. ನಿಮ್ಮ ಮನೆಯಲ್ಲಿ ತೆವಳುವ, ಈಗಷ್ಟೇ ನಡೆಯುವ ಮಗು ಇದ್ದರೆ ಮಾತ್ರ ಈ ನಾಯಿ ನಿಮಗೆ ಬೇಡ. ಇದರಲ್ಲಿ ನಾನು ರಾಜಿ ಆಗೋದಿಲ್ಲ.

ಅಂಜುಬುರುಕಿ ಯಾಕೆ ಅಂತಲೂ ಕೇಳಿ. ಫಾಸ್ಟರ್‌ಗೆ ಬರುವ ಸ್ಪ್ಯಾನಿಯೆಲ್‌ಗಳಲ್ಲಿ ಕೆಲವು, ಮನೆಯವರಿಗೆ ಕಾಯಿಲೆ ಬಂದೋ ಊರು ಬಿಡಬೇಕಾಗಿಯೋ ಬಂದಂಥವು. ಅವು ಬೇಗ ಹೊಂದಿಕೊಳ್ತವೆ. ಇನ್ನು ಕೆಲವು ಮರಿ ಹಾಕಿಸೋಕೆ ಅಂತಲೇ ಪಂಜರದಲ್ಲಿ ಇಟ್ಟಿದ್ದ ಹೆಣ್ಣು ನಾಯಿಗಳು. ಲೂಸಿ ಎಂಬ ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯೆಲ್ ಬಗ್ಗೆ ನೀವು ಕೇಳಿರಬಹುದು. 2013ರಲ್ಲಿ ಅವಳನ್ನು ವೇಲ್ಸ್‌ನಲ್ಲಿ ಅಂಥದ್ದೇ ಒಂದು ಜಾಗದಿಂದ ಬಿಡಿಸಿದಾಗ, ಇಕ್ಕಟ್ಟಿನ ಪಂಜರದಲ್ಲಿ ಇದ್ದೂ ಇದ್ದೂ ಸೊಂಟ ಬಿಗಿದುಹೋಗಿತ್ತು, ಬೆನ್ನು ಬಾಗಿತ್ತು. 2016ರಲ್ಲಿ ತೀರಿಕೊಂಡಳು. ಅವಳ ಹೆಸರಿನ ಕಾನೂನು 2020ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನಲ್ಲಿ ಜಾರಿಗೆ ಬಂತು. ಆರು ತಿಂಗಳೊಳಗಿನ ನಾಯಿ ಮತ್ತು ಬೆಕ್ಕಿನ ಮರಿಗಳನ್ನು ದಲ್ಲಾಳಿಗಳು, ಪೆಟ್ ಅಂಗಡಿಯವರು ಮಾರೋದು ಅಲ್ಲಿ ಅದರಿಂದ ನಿಂತಿತು. ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಮರಿಯನ್ನು ಕೊಂಡಾಗ ಹಿಂದೆ ಪಂಜರದಲ್ಲಿ ಉಳಿಯುವವಳು ಅದರ ತಾಯಿ. ಮರಿ ತರೋದೇ ವಾಸಿಯಾ ಅನ್ನುವ ನಿಮ್ಮ ಪ್ರಶ್ನೆಗೆ ನನ್ನ ಉತ್ತರದಲ್ಲಿ ಇದೂ ಸೇರಿದೆ.

ಅಂಥ ನಾಯಿಗೆ ಮೆಟ್ಟಿಲು, ಟಿವಿ, ಮಿಕ್ಸಿ ಸದ್ದು, ನುಣುಪು ನೆಲ ಎಲ್ಲವೂ ಹೊಸದು. ನೀವು ಬಗ್ಗಿ ಮಾತಾಡಿಸಿದ್ದಕ್ಕೇ ಉಚ್ಚೆ ಹೊಯ್ದುಕೊಳ್ಳಬಹುದು. ಕಾಕರ್‌ಗಳಲ್ಲಿ ಇದು ಸಾಮಾನ್ಯ. ಬೈದರೆ ಜಾಸ್ತಿ ಆಗುತ್ತೆ. ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕೂತುಕೊಳ್ಳಿ, ಅವಳೇ ಬರಲಿ.

ಮೊದಲ ದಿನಗಳ ಬಗ್ಗೆ ರೆಸ್ಕ್ಯೂ ಮಾಡುವವರು ಹೇಳುವ ಒಂದು ಅಂದಾಜು ಇದೆ. ಮೂರು ದಿನ ಗಾಬರಿ ಇಳಿಯೋಕೆ, ಮೂರು ವಾರ ಮನೆಯ ರೂಢಿ ತಿಳಿಯೋಕೆ, ಮೂರು ತಿಂಗಳು ಇದು ನನ್ನ ಮನೆ ಅನ್ನಿಸೋಕೆ. ಹೆದರಿದ ನಾಯಿಗೆ ಇನ್ನೂ ಜಾಸ್ತಿ ಬೇಕಾಗಬಹುದು. ಆ ಮೊದಲ ವಾರಗಳಲ್ಲಿ ನೆಂಟರನ್ನು ಕರೆಯಬೇಡಿ, ಸ್ನಾನ ಮಾಡಿಸೋಕೂ ಅವಸರ ಬೇಡ. ಮುಖ್ಯವಾಗಿ ಹಾರ್ನೆಸ್ (ಎದೆಗೆ ಕಟ್ಟುವ ಪಟ್ಟಿ) ಮತ್ತು ಕಾಲರ್ ಎರಡೂ ಹಾಕಿ, ಎರಡಕ್ಕೂ ಲೀಶ್ ಕಟ್ಟಿಯೇ ಹೊರಗೆ ಕರ್ಕೊಂಡು ಹೋಗಿ. ಬಾಗಿಲು ತೆರೆಯುವ ಮುಂಚೆ ಅವಳೆಲ್ಲಿದ್ದಾಳೆ ನೋಡಿ. ಹೊಸ ಮನೆಯಿಂದ ತಪ್ಪಿಸಿಕೊಂಡ ನಾಯಿಗೆ ವಾಪಸ್ ಬರೋಕೆ ದಾರಿಯೂ ಗೊತ್ತಿಲ್ಲ, ನಿಮ್ಮ ದನಿಯೂ ಗೊತ್ತಿಲ್ಲ.

ಸ್ಪ್ಯಾನಿಯೆಲ್ ಅಂದರೆ ಸೋಫಾ ಮೇಲಿನ ಗೊಂಬೆ ಅಂತ ಅಂದುಕೊಳ್ಳುವವರಿದ್ದಾರೆ. ಪೊದೆಗೆ ನುಗ್ಗಿ ಹಕ್ಕಿ ಎಬ್ಬಿಸೋಕೆ ತಯಾರು ಮಾಡಿದ ತಳಿ ಇದು. ಮೂಗಿಗೆ ಕೆಲಸ ಬೇಕೇ ಬೇಕು. ನಡಿಗೆಯಲ್ಲಿ ಅವಸರ ಮಾಡದೆ ಮೂಸೋಕೆ ಬಿಡಿ. ಊಟದಲ್ಲಿ ಒಂದು ಪಾಲನ್ನು ಹುಲ್ಲಿನಲ್ಲಿ ಚೆಲ್ಲಿ ಹುಡುಕೋಕೆ ಬಿಡಿ. ಅಂಜುವ ನಾಯಿಗಂತೂ ಇದು ಔಷಧಿಯಷ್ಟೇ ಒಳ್ಳೇದು. ಮನೆಗೆ ಬಂದ ಮೇಲೆ ಬೆರಳಸಂದಿ, ಕಂಕುಳು, ಕಿವಿ ನೋಡಿ. ಒಣ ಹುಲ್ಲಿನ ಚೂಪು ತೆನೆ ಅಲ್ಲಿ ಸಿಕ್ಕಿಕೊಂಡು ಚರ್ಮದೊಳಗೆ ಹೋಗಿಬಿಡುತ್ತೆ. ಬಾಚೋದು ಹೆಚ್ಚುಕಡಿಮೆ ದಿನದ ಕೆಲಸ. ಸಂತಾನಹರಣ ಆದ ಮೇಲೆ ಕೆಲವು ಸ್ಪ್ಯಾನಿಯೆಲ್‌ಗಳ ಕೂದಲು ಉಣ್ಣೆಯ ಹಾಗೆ ಮೆದುವಾಗಿ ಬೇಗ ಗಂಟುಕಟ್ಟುತ್ತೆ. ಅದು ಕಾಯಿಲೆ ಅಲ್ಲ.

ಇವು ಸಾಮಾನ್ಯವಾಗಿ ಹನ್ನೆರಡು ವರ್ಷದ ಆಚೀಚೆ ಬದುಕ್ತವೆ. ಮನುಷ್ಯರಿಗೆ ಅಂಟಿಕೊಂಡೇ ಇರ್ತವೆ. ಇಬ್ಬರೂ ಬೆಳಗ್ಗೆ ಹೋಗಿ ರಾತ್ರಿ ಬರುವವರಾದರೆ, ನಡುವೆ ಯಾರಾದರೂ ಬಂದು ನೋಡುವ ವ್ಯವಸ್ಥೆ ಆಗುವವರೆಗೆ ಕಾಯಿರಿ.

ಕಾಗದಪತ್ರದಲ್ಲಿ ಲಸಿಕೆ, ಸಂತಾನಹರಣ, ಮೈಕ್ರೋಚಿಪ್ ಇದೆಯಾ ನೋಡಿ. ಕಣ್ಣು ಪರೀಕ್ಷೆ ಆಗಿದೆಯಾ ಕೇಳಿ. ಕಾಕರ್‌ಗಳಿಗೆ ಪೊರೆ, ಗ್ಲಾಕೋಮಾ, ಕಣ್ಣೀರು ಒಣಗುವ ತೊಂದರೆ ಬರಬಹುದು. ಕಣ್ಣಿನ ಮೂಲೆಯಲ್ಲಿ ಕೆಂಪು ಗುಳ್ಳೆ ಬಂದಿದ್ದರೆ ಅದನ್ನು ಕತ್ತರಿಸಿ ತೆಗೆಸಬೇಡಿ, ಒಳಗೆ ಸೇರಿಸಿ ಹೊಲಿಯುವ ವೆಟ್ ಹುಡುಕಿ. ಅದು ಕಣ್ಣೀರು ಮಾಡುವ ಗ್ರಂಥಿ. ಕ್ಯಾವಲಿಯರ್ ಆದರೆ ಹೃದಯದ ಕವಾಟ ಪರೀಕ್ಷೆ ತಪ್ಪದೆ ಮಾಡಿಸಿ. ಒಸಡು ಇದ್ದಕ್ಕಿದ್ದ ಹಾಗೆ ಬಿಳಿಚಿಕೊಂಡು ನಾಯಿ ಸುಸ್ತಾದರೆ ಅದೇ ದಿನ ವೆಟ್ ಹತ್ತಿರ ಓಡಿ. ದೇಹ ತನ್ನದೇ ಕೆಂಪು ರಕ್ತಕಣಗಳನ್ನು ನಾಶಮಾಡುವ ಕಾಯಿಲೆ ಕಾಕರ್‌ಗಳಲ್ಲಿ ಬೇರೆ ತಳಿಗಳಿಗಿಂತ ಜಾಸ್ತಿ.

ಅವರೂ ನಿಮ್ಮನ್ನು ಪ್ರಶ್ನೆ ಕೇಳ್ತಾರೆ. ಮನೆ ನೋಡೋಕೆ ಬರ್ತೀವಿ ಅಂತಾರೆ, ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಇದೆಯಾ ಅಂತಾರೆ. ಬೇಜಾರು ಮಾಡ್ಕೋಬೇಡಿ. ಒಂದು ಸಲ ಮನೆ ಕಳಕೊಂಡ ನಾಯಿಯನ್ನು ಮತ್ತೆ ಕಳಿಸಿಕೊಡುವ ಕೆಲಸ ಎಷ್ಟು ಕಷ್ಟ ಅಂತ ನನಗೆ ಗೊತ್ತು. ಕೆಲವು ಕಡೆ ಕೆಲ ವಾರ ಇಟ್ಟುಕೊಂಡು ನೋಡಿ, ಆಮೇಲೆ ದತ್ತು ಅನ್ನುವ ಏರ್ಪಾಡು ಇರುತ್ತೆ. ಮೊದಲ ನಾಯಿ ಆದ್ದರಿಂದ ನೀವು ಅದನ್ನೇ ಕೇಳಿ. ಆಗದಿದ್ದರೆ ನಾಯಿಯನ್ನು ಅವರಿಗೇ ವಾಪಸ್ ಕೊಡುವ ಷರತ್ತು ಕಾಗದದಲ್ಲಿ ಇರಲಿ.

ನನ್ನ ಲೆಕ್ಕದಲ್ಲಿ, ಮನೆಯಲ್ಲಿ ಪುಟ್ಟ ಮಕ್ಕಳಿಲ್ಲ, ದಿನದಲ್ಲಿ ಯಾರಾದರೂ ಒಬ್ಬರು ಇರ್ತೀರಿ ಅಂತಾದರೆ ನೀವು ಈ ನಾಯಿಯನ್ನು ನೋಡೋಕೆ ಹೋಗಲೇಬೇಕು. ಹೋಗುವ ಮುಂಚೆ ಫೋನಿನಲ್ಲಿ, "ಇವಳಿಗೆ ಎಂಥ ಮನೆ ಸಿಗಬೇಕು ಅಂತ ನಿಮ್ಮ ಮನಸ್ಸಲ್ಲಿದೆ?" ಅಂತ ಕೇಳಿ. ಅವರು ಹೇಳಿದ್ದರಲ್ಲಿ ನಿಮ್ಮ ಮನೆ ಕಾಣದಿದ್ದರೆ, ನಮ್ಮ ಮನೆಗೆ ಯಾವ ನಾಯಿ ಸರಿಹೋಗುತ್ತೆ ಅಂತ ಅವರನ್ನೇ ಕೇಳಿ. ಎಂಟು, ಒಂಬತ್ತು ವರ್ಷದ, ಮುಖ ನರೆತ ಸ್ಪ್ಯಾನಿಯೆಲ್‌ಗಳಿಗೆ ಫೋನ್ ಬರೋದು ಬಹಳ ಕಮ್ಮಿ. ಮೊದಲ ಸಲ ನಾಯಿ ಸಾಕುವವರಿಗೆ ಅವುಗಳಲ್ಲಿ ಒಂದು ತುಂಬಾ ಚೆನ್ನಾಗಿ ಹೊಂದಬಹುದು.