ತಾಯಂದಿರು ಸಭೆಗೆ ಬರ್ತಾರೆ, ಮಗುವಿನ ಊಟ ಬದಲಾಗಲ್ಲ ಅಂದವರಿಗೆ

ಮಗುವಿನ ಊಟದ ಬಗ್ಗೆ ಅಂಗನವಾಡಿಯ ಸಭೆಯಲ್ಲಿ ಹೇಳಿದ್ದಕ್ಕೆ ತಲೆಯಾಡಿಸಿ ಹೋದ ತಾಯಂದಿರು ಮನೆಯಲ್ಲಿ 8 ತಿಂಗಳ ಮಗುವಿಗೂ ನೀರಿನಂಥ ರಾಗಿ ಸರಿಯನ್ನೇ ಕುಡಿಸುತ್ತಾರೆ ಅಂದಿದ್ದೀರಿ. ಬಹುಶಃ ಒಲೆ ಅತ್ತೆಯ ಕೈಯಲ್ಲಿದೆ, ಸಭೆಗೆ ಬರುವುದು ಮಾತ್ರ ಸೊಸೆ.

ಮೊದಲು ಸಭೆಯನ್ನು ಯಾರದಾದರೂ ಮನೆ ಜಗಲಿಗೆ ಹಾಕಿ, ಅತ್ತೆಯಂದಿರನ್ನೂ ಕರೆಯಿರಿ. ಎಂಟ್ಹತ್ತು ಜನ ಸಾಕು. ಭಾಷಣ ಬೇಡ. ಅದೇ ಕೇರಿಯಲ್ಲಿ ಮಗುವಿನ ತೂಕ ಚೆನ್ನಾಗಿ ಏರುತ್ತಿರುವ ತಾಯಿಯೊಬ್ಬರು ಅಲ್ಲೇ ಸರಿ ಕಾಯಿಸಿ ತೋರಿಸಲಿ. ಚಮಚ ವಾಲಿಸಿದರೆ ಸುರಿಯಬಾರದು, ಅಷ್ಟು ಗಟ್ಟಿ. ಜೊತೆಗೆ ತುಪ್ಪ, ಬೇಯಿಸಿ ಹಿಸುಕಿದ ಬೇಳೆ, ಸೊಪ್ಪು. ತಿನ್ನುವ ಮನೆಯಾದರೆ ಮೊಟ್ಟೆ. ಎದೆಹಾಲಿನ ಜೊತೆ ದಿನಕ್ಕೆ 2-3 ಸಲ. "ಗಂಟಲಿಗೆ ಸಿಕ್ಕಿಕೊಂಡರೆ?" ಅಂತ ಅಜ್ಜಿಯರು ಕೇಳಿಯೇ ಕೇಳುತ್ತಾರೆ. ಎದುರಿಗೇ ಮಗುವಿಗೆ ತಿನ್ನಿಸಿಬಿಡಿ.

ಹೊರಡುವ ಮುಂಚೆ ಪ್ರತಿ ಮನೆಯವರೂ ಒಂದೇ ಒಂದು ಬದಲಾವಣೆ ಒಪ್ಪಿಕೊಳ್ಳಲಿ. ವಾರದೊಳಗೆ ಸರಿ ಕಾಯಿಸಿ ತೋರಿಸಿದ ತಾಯಿಯೇ ಊಟದ ಹೊತ್ತಿಗೆ ಆ ಮನೆಗಳಿಗೆ ಹೋಗಿ ನೋಡಿ ಬರಲಿ. ರಿಜಿಸ್ಟರ್ ಹಿಡಿದು ಹೋಗಬೇಡಿ, ಸುಮ್ನೆ ತಪಾಸಣೆ ಅನ್ನಿಸುತ್ತದೆ.

ತಾಯಂದಿರು ಕೂಲಿಗೆ ಹೋಗುತ್ತಾರಾ ಅಂತ ನೀವು ಬರೆದಿಲ್ಲ. ಹೋಗುವುದಾದರೆ ಕಾರಣ ಬೇರೆಯೂ ಇರಬಹುದು. ಸಭೆ ಸಂಜೆಗಿಡಿ, ಹಗಲಲ್ಲಿ ಮಗು ನೋಡಿಕೊಳ್ಳುವವರನ್ನು ಕರೆಯಿರಿ. ತೂಕ ಏರುತ್ತಲೇ ಇಲ್ಲದ ಮಗುವಿದ್ದರೆ ಸಭೆಯವರೆಗೆ ಕಾಯಬೇಡಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ.