ಕ್ರೆಟಾ ಸೈಜ್ ಟೈರ್ ಹಾಕಿಸಬೇಡಿ, ಸ್ವಲ್ಪ ತಡೆಯಿರಿ

ನಿಮ್ಮ ಎಲೆಕ್ಟ್ರಿಕ್ ಕಾರಿನ ಟೈರ್ ಸವೆದಿದೆ, ಹಾಸನದ ಅಂಗಡಿಯಲ್ಲಿ ಬೇರೆ ಸೈಜ್ ಹಾಕಿಕೊಡ್ತಾರೆ ಅಂತ ಈ ಗುಂಪಿನಲ್ಲಿ ಬರೆದಿದ್ದೀರಲ್ಲ. ದಯವಿಟ್ಟು ನಾಳೆ ಬೆಳಿಗ್ಗೆ ಆ ಟೈರ್ ಹಾಕಿಸಬೇಡಿ. ಅಡ್ವಾನ್ಸ್ ಕೊಟ್ಟಾಗಿದೆ ಅಂತ ಬರೆದಿದ್ದೀರಿ, ಪರವಾಗಿಲ್ಲ, ಫೋನ್ ಮಾಡಿ ನಿಲ್ಲಿಸಿ.

ನಿಮ್ಮ ಹಳೆ ಟೈರಿನ ಫೋಟೋ ದೊಡ್ಡದು ಮಾಡಿ ನೋಡಿದೆ. 215/55 ಆರ್17 (ಅಗಲ 215 ಮಿ.ಮೀ., ಪಕ್ಕೆಯ ಎತ್ತರ ಅದರ 55%, ರಿಮ್ 17 ಇಂಚು), ಪಕ್ಕದಲ್ಲಿ 98ಡಬ್ಲ್ಯೂ (ಅಂಕಿ ಭಾರದ್ದು, ಅಕ್ಷರ ವೇಗದ್ದು), ಜೊತೆಗೆ ಎಕ್ಸ್‌ಎಲ್, ಅಂದರೆ ಜಾಸ್ತಿ ಭಾರ ಹೊರಲು ಮಾಡಿದ್ದು. ಹಾಸನದ ಅಂಗಡಿಯವರು ಕೊಡ್ತೀನಿ ಅಂತಿರುವುದು 215/60 ಆರ್17 96ಎಚ್. ಅದು ಹ್ಯುಂಡೈ ಕ್ರೆಟಾ ಕಾರಿನ ಸೈಜ್. ಎಲ್ಲ ಊರಲ್ಲೂ ಸಿಗುತ್ತದೆ, ಅದಕ್ಕೇ ಕೊಡ್ತಿದ್ದಾರೆ. "ಸೇಮ್ ಕೂರುತ್ತೆ ಸರ್, ಗಾಡಿ ಸ್ವಲ್ಪ ಮೇಲೂ ಬರುತ್ತೆ" ಅಂದರು ಅಂತ ಬರೆದಿದ್ದೀರಲ್ಲ, 2022ರ ಜೂನ್‌ನಲ್ಲಿ ನನಗೂ ಇದೇ ಮಾತು ಹೇಳಿದ್ದರು. ಹೆಚ್ಚುಕಡಿಮೆ ಇದೇ ಪದಗಳಲ್ಲಿ. ನಾನು ತಲೆ ಆಡಿಸಿ ನಾಲ್ಕನ್ನೂ ಹಾಕಿಸಿಕೊಂಡು ಬಂದೆ.

ಮೊದಲು ಆ "ಗಾಡಿ ಮೇಲೆ ಬರುತ್ತೆ" ಅನ್ನುವ ಲೆಕ್ಕ ನೋಡಿ. 215/55 ಆರ್17ರ ಹೊರ ಅಳತೆ ಸುಮಾರು 668 ಮಿ.ಮೀ. 215/60 ಆರ್17ರದ್ದು 690. ಅರ್ಧ ಕೆಳಗೆ, ಅರ್ಧ ಮೇಲೆ. ಅಂದರೆ ಗಾಡಿ ಏರುವುದು 11 ಮಿ.ಮೀ. ಮಾತ್ರ. ಅದಕ್ಕೆ ಬದಲಾಗಿ ಸ್ಪೀಡೋಮೀಟರ್, ಓಡೋಮೀಟರ್ ಎರಡೂ ಮೊದಲಿಗಿಂತ 3% ಕಡಿಮೆ ತೋರಿಸುತ್ತವೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಒಳಗಿನ ಪ್ಲಾಸ್ಟಿಕ್ ಲೈನರಿಗೆ ಟೈರ್ ತಾಗಬಹುದು. ನನ್ನ ಗಾಡಿಯಲ್ಲಿ ಎಡಗಡೆ ಮಾತ್ರ ತಾಗುತ್ತಿತ್ತು, ಅದೂ ಹಿಂದೆ ಜನ ಕೂತಾಗ. ಮೊದಲು ಕಲ್ಲು ಸಿಕ್ಕಿಕೊಂಡಿದೆ ಅಂದುಕೊಂಡೆ.

ಓಡೋಮೀಟರಿನ ತಪ್ಪು ನನಗೆ ತುಂಬಾ ತಲೆನೋವು ಕೊಟ್ಟಿತು. ಫುಲ್ ಚಾರ್ಜಿಗೆ 310 ಕಿ.ಮೀ. ಬರುತ್ತಿದ್ದ ಗಾಡಿ 285ಕ್ಕೆ ಇಳಿಯಿತು. ಬ್ಯಾಟರಿ ಹೋಯ್ತು ಅಂತ ಭಯವಾಗಿ ಸರ್ವಿಸ್ ಸೆಂಟರಿಗೆ ಎರಡು ಸಲ ಹೋದೆ. ಅವರು ಬ್ಯಾಟರಿ ಚೆಕ್ ಮಾಡಿ ಸರಿಯಾಗಿದೆ ಅಂದರು. ಕೊನೆಗೆ ಫೋನಿನ ಮ್ಯಾಪ್ ಹಾಕಿಕೊಂಡು ಶಿವಮೊಗ್ಗದಿಂದ ಹೊರಟೆ. ಫೋನ್ 100 ಕಿ.ಮೀ. ಅಂದಾಗ ಮೀಟರ್ 97 ತೋರಿಸುತ್ತಿತ್ತು. ಆವಾಗ ಗೊತ್ತಾಯಿತು. ಕಳೆದುಹೋದ ರೇಂಜಿನಲ್ಲಿ ಒಂದು ಪಾಲು ಹೋಗಿಯೇ ಇರಲಿಲ್ಲ, ಮೀಟರ್ ಎಣಿಸಿರಲಿಲ್ಲ ಅಷ್ಟೇ. ಉಳಿದದ್ದು ಟೈರ್ ತಿಂದದ್ದು. ಹೊಸ ಟೈರ್ ಯಾವುದೇ ಇರಲಿ, ಸವೆದ ಟೈರಿಗಿಂತ ಸ್ವಲ್ಪ ಜಾಸ್ತಿ ಕರೆಂಟ್ ತಿನ್ನುತ್ತದೆ, ಗ್ರಿಪ್ ದಪ್ಪ ಇರುತ್ತದಲ್ಲ. ಹಾಗಾಗಿ ಹೊಸ ಟೈರ್ ಹಾಕಿದ ಮೊದಲ ತಿಂಗಳಲ್ಲಿ ರೇಂಜ್ ನೋಡಿ ಕಂಪನಿಯನ್ನು ಬಯ್ಯಬೇಡಿ.

ಈಗ ಮುಖ್ಯ ವಿಷಯ, 98 ಮತ್ತು 96. 98 ಅಂದರೆ ಒಂದು ಟೈರ್ 750 ಕೆಜಿ ಹೊರಬಹುದು. 96 ಅಂದರೆ 710. 94 ಅಂದರೆ 670. ನಿಮ್ಮದೇ ಸೈಜಿನಲ್ಲಿ 94 ಕೂಡ ಬರುತ್ತದೆ. "ಇಗೋ ಸಿಕ್ತು ಸರ್, ನಿಮ್ಮದೇ ಸೈಜ್" ಅಂತ ಅದನ್ನು ಕೊಟ್ಟರೂ ತಗೋಬೇಡಿ. ಕಡಿಮೆ ಲೋಡಿನ ಟೈರಿಗೆ ಗಾಳಿ ಜಾಸ್ತಿ ಹೊಡೆಸಿದರೆ ಅದು 98 ಆಗುವುದಿಲ್ಲ. ಪಕ್ಕದಲ್ಲಿ ಬರೆದಿರುವ ಲೋಡೇ ಅದರ ಮಿತಿ.

ನಾನು ಆವತ್ತು ಅಂಗಡಿಯಲ್ಲಿ ನಿಂತು ಲೆಕ್ಕ ಹಾಕಿದ್ದೆ. ಗಾಡಿ ಒಂದೂವರೆ ಟನ್, ಜನ ಸಾಮಾನು ಸೇರಿ ಎರಡು ಟನ್. 710 ಗುಣಿಲೆ ನಾಲ್ಕು, 2840. ಬೇಕಾದಷ್ಟಾಯಿತಲ್ಲ ಅಂತ. ಈ ಗುಂಪಿನಲ್ಲೂ ಕೆಳಗೆ ಒಬ್ಬರು ಇದೇ ಲೆಕ್ಕ ಹಾಕಿದ್ದಾರೆ. ಈ ಲೆಕ್ಕ ಗಾಡಿ ಸಮನೆಲದಲ್ಲಿ ಸುಮ್ನೆ ನಿಂತಾಗ ಸರಿ. ಘಾಟಿ ಇಳಿಯುವಾಗ ಬ್ರೇಕ್ ಹಿಡಿದರೆ ಭಾರ ಮುಂದಿನ ಎರಡಕ್ಕೆ ಬೀಳುತ್ತದೆ. ತಿರುವಿನಲ್ಲಿ ಹೊರಗಿನ ಒಂದಕ್ಕೆ ಬೀಳುತ್ತದೆ. ಅದೇ ಹೊತ್ತಿಗೆ ಗುಂಡಿ ಸಿಕ್ಕರೆ? ಗಾಡಿ ಕಂಪನಿಯವರು 98 ಬೇಕು ಅಂತ ಬರೆದಿರುವುದು ಇದನ್ನೆಲ್ಲ ಸೇರಿಸಿ.

ನನಗಾದದ್ದು ಹೇಳುತ್ತೇನೆ. 2022ರ ಆಗಸ್ಟ್. ಉಡುಪಿಯಲ್ಲಿ ಅಕ್ಕನ ಮನೆಗೆ ಹೋಗಿ ವಾಪಸ್ ಬರುತ್ತಿದ್ದೆವು. ನಾಲ್ಕು ಜನ, ಡಿಕ್ಕಿಯಲ್ಲಿ ಎರಡು ಮೂಟೆ ತೆಂಗಿನಕಾಯಿ. ಆಗುಂಬೆ ಘಾಟಿ ಹತ್ತಿ ತೀರ್ಥಹಳ್ಳಿ ಕಡೆ ಬರುವಾಗ ಕತ್ತಲಾಗಿತ್ತು, ಮಳೆ ಹುಯ್ಯುತ್ತಿತ್ತು. ರಸ್ತೆ ಮೇಲೆ ನೀರು ನಿಂತಿದ್ದ ಕಡೆ ಗುಂಡಿ ಇದೆ ಅಂತ ಕಾಣಲಿಲ್ಲ. ಎಡ ಹಿಂದಿನ ಚಕ್ರ ಧಡ್ ಅಂತು. ಗಾಳಿ ಹೋಗಲಿಲ್ಲ, ಆದರೆ ಗಾಡಿ ಕುಂಟಿದ ಹಾಗೆ ಓಡತೊಡಗಿತು. ಇಳಿದು ಟಾರ್ಚ್ ಬಿಟ್ಟು ನೋಡಿದರೆ ಟೈರಿನ ಪಕ್ಕೆ ನಿಂಬೆಹಣ್ಣಿನ ಗಾತ್ರಕ್ಕೆ ಹೊಟ್ಟೆ ಬಂದಿತ್ತು. ಕೈಯಿಂದ ಒತ್ತಿದರೆ ಮೆತ್ತಗೆ. ಒಳಗಿನ ದಾರ ಹರಿದಿದೆ ಅಂತ ಅರ್ಥ. ಅದರ ಮೇಲೆ ಓಡಿಸುವ ಹಾಗಿಲ್ಲ.

ಸ್ಟೆಪ್ನಿ ಇಲ್ಲ. ಟೈರ್ ಪ್ರೆಶರ್ ತೋರಿಸುವ ಸಾಧನ ಮತ್ತು ಪಂಕ್ಚರ್ ಕಿಟ್ ಇದ್ದರೆ ಸ್ಟೆಪ್ನಿ ಕೊಡದೇ ಇರಬಹುದು ಅಂತ 2020ರಲ್ಲೇ ನಿಯಮ ಬಂದಿದೆ. ಆ ಕಿಟ್ಟಿನ ದ್ರಾವಣ ಮೊಳೆ ಚುಚ್ಚಿದ ತೂತಿಗೆ ಆಗುತ್ತದೆ, ಹೊಟ್ಟೆ ಬಂದ ಟೈರಿಗೆ ಏನೂ ಮಾಡಲ್ಲ. ಎಲೆಕ್ಟ್ರಿಕ್ ಗಾಡಿ ಬೇರೆ, ಮೋಟಾರ್ ತಿರುಗಿಸುವ ಚಕ್ರ ನೆಲಕ್ಕೆ ತಾಗಿಸಿಕೊಂಡು ಎಳೆಯುವ ಹಾಗಿಲ್ಲ, ಪೂರ್ತಿ ಮೇಲೆ ಹತ್ತಿಸಿಕೊಳ್ಳುವ ಗಾಡಿಯೇ ಬೇಕು. ಮೂರೂವರೆ ಗಂಟೆ ಕಾದೆವು. ಅಮ್ಮನಿಗೆ ಆಗ 70 ದಾಟಿತ್ತು. ಅದು ಇವತ್ತಿಗೂ ಬೇಜಾರಾಗುತ್ತದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

98 ಹಾಕಿದ್ದರೆ ಆ ಗುಂಡಿಯಲ್ಲಿ ಏನೂ ಆಗುತ್ತಿರಲಿಲ್ಲ ಅಂತ ಆಣೆ ಮಾಡಲ್ಲ. ಎಕ್ಸ್‌ಎಲ್ ಟೈರಿಗೂ ಹೊಟ್ಟೆ ಬರುತ್ತದೆ. ಆದರೆ ಮರುದಿನ ಇನ್ನೊಂದು ಗೊತ್ತಾಯಿತು. ಟೈರ್ ಬಿಚ್ಚಿದಾಗ ಒಳಗಡೆ ಮುಖದಲ್ಲಿ 1119 ಅಂತ ಇತ್ತು. 2019ರ 11ನೇ ವಾರ. ನನಗೆ ಹೊಸದು ಅಂತ ಮಾರುವಾಗಲೇ ಅದಕ್ಕೆ ಮೂರು ವರ್ಷ ದಾಟಿತ್ತು. ಉಳಿದ ಮೂರು 2021ರವು. ಒಂದೇ ಹಳೆಯದು, ಅದೇ ಹೋಯಿತು.

ಮಾಲು ಸಿಗದ ಕಾಲದಲ್ಲಿ ಹೀಗೇ ಆಗುವುದು. ಗೋಡೌನಿನ ಮೂಲೆಯಲ್ಲಿ ಬಿದ್ದದ್ದೆಲ್ಲ ಹೊರಗೆ ಬರುತ್ತದೆ. ವಾರ ಮತ್ತು ವರ್ಷದ ನಾಲ್ಕು ಅಂಕಿ ಸಾಮಾನ್ಯವಾಗಿ ಟೈರಿನ ಒಂದೇ ಬದಿಯಲ್ಲಿ ಇರುತ್ತದೆ, ಫಿಟ್ ಮಾಡಿದ ಮೇಲೆ ಅದು ಒಳಗಡೆ ಹೋದರೆ ನಿಮಗೆ ಕಾಣುವುದೇ ಇಲ್ಲ. ಹಾಕುವ ಮುಂಚೆ ನೆಲದ ಮೇಲೆ ಇಟ್ಟು ನಾಲ್ಕನ್ನೂ ಉರುಳಿಸಿ ನೋಡಿ. ನಾಲ್ಕನ್ನೂ, ಒಂದನ್ನಲ್ಲ. ನನ್ನ ಮಟ್ಟಿಗೆ ಒಂದು ವರ್ಷದೊಳಗಿನದು ಕಣ್ಣುಮುಚ್ಚಿ ತಗೋಬಹುದು. ಎರಡು ದಾಟಿದರೆ ರಿಯಾಯಿತಿ ಕೊಟ್ಟರೂ ಬೇಡ. ಐಎಸ್‌ಐ ಗುರುತೂ ನೋಡಿ, ಅದಿಲ್ಲದೆ ಹೊರಗಿನಿಂದ ಬಂದ ಮಾಲಿಗೆ ವಾರಂಟಿ ಕೇಳಲು ಹೋದರೆ ಯಾರೂ ಸಿಗಲ್ಲ. ಬಿಲ್ಲಿನಲ್ಲಿ ಟೈರಿನ ಸೀರಿಯಲ್ ನಂಬರ್ ಬರೆಸಿಕೊಳ್ಳಿ.

ಹಾಗಾದರೆ 98 ಎಲ್ಲಿ ಸಿಗುತ್ತದೆ ಅಂತ ಕೇಳುತ್ತೀರಿ. 2020ರ ಜೂನ್‌ನಲ್ಲಿ ಆಮದು ಟೈರಿಗೆ ಪರವಾನಗಿ ಬೇಕು ಅಂತ ಸರ್ಕಾರ ಮಾಡಿದ ಮೇಲೆ, ಇಲ್ಲಿ ತಯಾರಾಗದ ಸೈಜುಗಳು ಬಂದಾಗ ಬರುತ್ತವೆ, ಇಲ್ಲದಿದ್ದರೆ ಇಲ್ಲ. ಸಣ್ಣ ಊರಿನ ಅಂಗಡಿಯವರು ಬೇಗ ಓಡುವ ಮಾಲು ಮಾತ್ರ ಇಡುತ್ತಾರೆ, ಅದು ಅವರ ತಪ್ಪೂ ಅಲ್ಲ. ಹಾಗಾಗಿ ನಿಮ್ಮೂರಲ್ಲಿ ಹುಡುಕುವುದು ಬಿಡಿ. ಬೆಂಗಳೂರು ಜೆ.ಸಿ. ರಸ್ತೆ ಕಡೆ ನಾಲ್ಕೈದು ಡೀಲರಿಗೆ ಫೋನ್ ಮಾಡಿ. ಮಂಗಳೂರಲ್ಲೂ ಕೇಳಿ. "215/55 ಆರ್17 ಇದೆಯಾ" ಅಂತ ಕೇಳಿದರೆ 94 ತೋರಿಸುತ್ತಾರೆ. "98 ಎಕ್ಸ್‌ಎಲ್, ತಾರೀಖಿನ ಫೋಟೋ ಕಳಿಸಿ" ಅಂತ ಕೇಳಿ. ಫೋಟೋ ಕಳಿಸದವರ ಹತ್ತಿರ ತಗೋಬೇಡಿ. ನಾನು ನನ್ನ ನಾಲ್ಕನ್ನು ಕೆಎಸ್‌ಆರ್‌ಟಿಸಿಯ 'ನಮ್ಮ ಕಾರ್ಗೋ' ಪಾರ್ಸೆಲ್ ಸೇವೆಯಲ್ಲಿ ತರಿಸಿಕೊಂಡೆ, ಬಸ್ ಸ್ಟ್ಯಾಂಡಿಗೆ ಹೋಗಿ ಇಳಿಸಿಕೊಂಡದ್ದಷ್ಟೇ ಕೆಲಸ. ಇನ್ನೊಂದು ದಾರಿ, ಹೊಸ ಗಾಡಿ ತಗೊಂಡ ವಾರದಲ್ಲೇ ದೊಡ್ಡ ಅಲಾಯ್ ಹಾಕಿಸುವವರು ಬಿಚ್ಚಿಟ್ಟ ಟೈರ್. ಅಲಾಯ್ ಅಂಗಡಿಗಳಲ್ಲಿ ಕೇಳಿದರೆ ಸಿಗುತ್ತವೆ. ನನ್ನ ಗೆಳೆಯರೊಬ್ಬರಿಗೆ ಬರೀ 500 ಕಿ.ಮೀ. ಓಡಿದ ಜೋಡಿ ಸಿಕ್ಕಿತು. ಒಳಗಡೆ ತೇಪೆ ಇದೆಯಾ ನೋಡಿ ತಗೊಳ್ಳಿ. ರಿಸೋಲ್ ಮಾಡಿದ್ದನ್ನು, ಅಂದರೆ ಸವೆದ ಟೈರಿಗೆ ಹೊಸ ರಬ್ಬರ್ ಅಂಟಿಸಿದ್ದನ್ನು ಮಾತ್ರ ಈ ಭಾರದ, ಈ ಟಾರ್ಕಿನ ಗಾಡಿಗೆ ಹಾಕಲೇಬೇಡಿ.

ಟೈರ್ ಕಂಪನಿ ವಿಷಯ. ಇವಿ ಅಂತ ಪಕ್ಕದಲ್ಲಿ ಬರೆದಿರಲೇಬೇಕು ಅಂತ ಹಠ ಹಿಡಿಯಬೇಡಿ. ಅಪೊಲೊ ಆಂಪೀರಿಯನ್, ಸಿಯೆಟ್ ಎನರ್ಜಿಡ್ರೈವ್ ಇವಿಗೆಂದೇ ಬಂದಿವೆ, ನಿಮ್ಮ ಸೈಜ್ ಮತ್ತು ಲೋಡ್ ಸಿಕ್ಕರೆ ಧಾರಾಳವಾಗಿ ಹಾಕಿ, ಇಲ್ಲಿಯದೇ ಮಾಲಾದ್ದರಿಂದ ಮುಂದೆ ಒಂದು ಹೋದರೆ ಅದೇ ಸಿಗುವ ಸಾಧ್ಯತೆ ಜಾಸ್ತಿ. ಸದ್ದು ಕಡಿಮೆ ಬೇಕಾದರೆ ನನ್ನ ಕಿವಿಗೆ ಮಿಶೆಲಿನ್ ಪ್ರೈಮಸಿ ಹಿತ. ಇಂಜಿನ್ ಸದ್ದಿಲ್ಲದ ಗಾಡಿಯಲ್ಲಿ ಟೈರಿನ ಸದ್ದೇ ಕೇಳುವುದು ಅಲ್ವಾ. ನಾನು ಈಗ ಓಡಿಸುತ್ತಿರುವುದು ಯೋಕೊಹಾಮಾ ಬ್ಲೂಅರ್ತ್ ಜಿಟಿ, ಮಳೆಯಲ್ಲಿ ನಂಬಿಕೆ ಬಂದಿದೆ. ಆದರೆ ಕಂಪನಿ ಆಮೇಲೆ. ಇಷ್ಟವಿಲ್ಲದ ಕಂಪನಿಯ 98, ಇಷ್ಟದ ಕಂಪನಿಯ 94ಕ್ಕಿಂತ ಮೇಲು. ವೇಗದ ಅಕ್ಷರದಲ್ಲೂ ಕೆಳಗೆ ಇಳಿಯದಿದ್ದರೆ ಒಳ್ಳೆಯದು, ಇನ್ಶೂರೆನ್ಸಿನವರು ಅದನ್ನೇ ಹಿಡಿದುಕೊಳ್ಳಬಹುದು.

ಎರಡೇ ಸಿಕ್ಕರೆ? ಎರಡೇ ಹಾಕಿ, ಉಳಿದೆರಡಕ್ಕೆ ಕಾಯಿರಿ. ಆದರೆ ಒಂದೇ ಆಕ್ಸಲಿಗೆ ಒಂದೇ ಜೋಡಿ. ಮೋಟಾರ್ ಮುಂದೆ ಇದೆ ಅಂತ ಹೊಸದನ್ನು ಮುಂದೆ ಹಾಕುತ್ತಾರೆ, ಹಾಗೆ ಮಾಡಬೇಡಿ. ಹೊಸ ಜೋಡಿ ಹಿಂದೆ ಹೋಗಬೇಕು. ನೀರಿನಲ್ಲಿ ಮುಂದಿನ ಚಕ್ರ ಜಾರಿದರೆ ಸ್ಟೇರಿಂಗಿನಲ್ಲಿ ತಿಳಿಯುತ್ತದೆ, ಕಾಲು ತೆಗೆದರೆ ಹಿಡಿತ ವಾಪಸ್ ಬರುತ್ತದೆ. ಹಿಂದಿನದು ಜಾರಿದರೆ ಗಾಡಿ ತಿರುಗಿಯೇ ಹೋಗುತ್ತದೆ.

ಈಗ ನನ್ನ ಒಂದು ಪದ್ಧತಿ. ಇದನ್ನು ಈ ಗುಂಪಿನಲ್ಲಿ ಮೊದಲೂ ಹೇಳಿದ್ದೇನೆ, ಮತ್ತೆ ಹೇಳುತ್ತೇನೆ. ನೂರಿನ್ನೂರು ರೂಪಾಯಿಗೆ ಗ್ರಿಪ್ ಅಳೆಯುವ ಗೇಜ್ ಸಿಗುತ್ತದೆ, ತಗೊಳ್ಳಿ. ತಿಂಗಳಿಗೊಮ್ಮೆ ಪ್ರತಿ ಟೈರಿನ ಒಳಗಡೆ, ಮಧ್ಯ, ಹೊರಗಡೆ ಮೂರು ಕಡೆ ಅಳೆದು ಓಡೋಮೀಟರ್ ಜೊತೆ ಬರೆದಿಡಿ. ನನ್ನ ಹೊಸ ಟೈರ್ 7.5 ಮಿ.ಮೀ. ಇತ್ತು. 12,000 ಕಿ.ಮೀ.ಗೆ ಮುಂದಿನದು 5.9 ಆಯಿತು. ಅಂದರೆ ಒಂದು ಮಿ.ಮೀ.ಗೆ 7,500 ಕಿ.ಮೀ. ನಾನು ತಿಂಗಳಿಗೆ 1,500 ಓಡಿಸುತ್ತೇನೆ, ಒಂದು ಮಿ.ಮೀ. ಐದು ತಿಂಗಳು ಬರುತ್ತದೆ. ಕಾನೂನು 1.6 ಅನ್ನುತ್ತದೆ, ಮಲೆನಾಡಿನ ಮಳೆಗೆ ನಾನು 3ರ ಕೆಳಗೆ ಓಡಿಸಲ್ಲ. ಹಾಗಾಗಿ 4ಕ್ಕೆ ಬಂದ ದಿನವೇ ಡೀಲರಿಗೆ ಫೋನ್. ಹುಡುಕಲು ಐದು ತಿಂಗಳು ಕೈಯಲ್ಲಿ ಇರುತ್ತದೆ. ಎಂಟು ವಾರ ಕಾಯಿರಿ ಅಂದರೂ ತೊಂದರೆ ಇಲ್ಲ. ನೀವು ಫೋಟೋ ಹಾಕಿರುವ ಟೈರ್ ಬೋಳಾಗಿದೆ ಮಾರಾಯ್ರೆ, ಇಷ್ಟು ಸವೆಸಿಕೊಂಡು ಅಂಗಡಿಗೆ ಹೋದರೆ ಅವರು ಕೊಟ್ಟದ್ದೇ ತಗೋಬೇಕಾಗುತ್ತದೆ. ನಾನೂ ಹಾಗೇ ಹೋಗಿದ್ದೆ.

ಮೂರು ಕಡೆ ಅಳೆಯುವುದಕ್ಕೆ ಕಾರಣ ಇದೆ. ನಿಮ್ಮ ಎರಡನೇ ಫೋಟೋದಲ್ಲಿ ಒಳ ಅಂಚು ಹೊರಗಿನದಕ್ಕಿಂತ ಜಾಸ್ತಿ ಸವೆದಿದೆ. ಅಲೈನ್‌ಮೆಂಟ್ ಮಾಡಿಸದೆ ಹೊಸ ಟೈರ್ ಹಾಕಿದರೆ ಅದೂ ಹಾಗೇ ಹೋಗುತ್ತದೆ. ಮುಂದೆ ಹಿಂದೆ ಬದಲಿಸುವುದು ಏಳೆಂಟು ಸಾವಿರ ಕಿ.ಮೀ.ಗೊಮ್ಮೆ ತಪ್ಪಿಸಬೇಡಿ. ಸಿಗ್ನಲ್ಲಿನಲ್ಲಿ ಸ್ಪೋರ್ಟ್ ಮೋಡಿಗೆ ಹಾಕಿ ಎಳೆಯುವವರು, ನೀವಂತಲ್ಲ, ಓದುವ ಎಲ್ಲರಿಗೂ ಹೇಳುತ್ತಿದ್ದೇನೆ, ಮುಂದಿನ ಟೈರ್ 25,000ಕ್ಕೇ ಹೋಯ್ತು ಅಂತ ಆಮೇಲೆ ಇಲ್ಲಿ ಬಂದು ಕಂಪನಿಯನ್ನು ಬಯ್ಯುವುದು ನ್ಯಾಯ ಅಲ್ಲ.

ಟೈರಿಗೆ ಗಾಳಿ, ಡ್ರೈವರ್ ಬಾಗಿಲ ಕಂಬದ ಸ್ಟಿಕ್ಕರಿನಲ್ಲಿ ಬರೆದಿರುವಷ್ಟು, ಬೆಳಿಗ್ಗೆ ಟೈರ್ ತಣ್ಣಗಿರುವಾಗ. ಎಕ್ಸ್‌ಎಲ್ ಟೈರ್ ತನ್ನ ಪೂರ್ತಿ ಭಾರ ಹೊರಬೇಕಾದರೆ ಗಾಳಿ ಜಾಸ್ತಿ ಬೇಕು. ಬಂಕಿನವರು ರೂಢಿಯಂತೆ 30 ಹೊಡೆದು ಕಳಿಸಿದರೆ ಎಕ್ಸ್‌ಎಲ್ ಹಾಕಿಸಿ ಏನೂ ಪ್ರಯೋಜನವಿಲ್ಲ.

ಕೊನೆಗೆ ಅಂಗಡಿಯಲ್ಲಿ ಒಂದು ವಿಷಯ, ಅಲ್ಲೇ ನಿಂತು ನೋಡಿ. ಜ್ಯಾಕ್ ಎಲ್ಲಿ ಕೊಡುತ್ತಾರೆ ಅಂತ. ಗಾಡಿ ಹೊಟ್ಟೆ ಪೂರ್ತಿ ಬ್ಯಾಟರಿ ಇದೆ. ಹುಡುಗರು ಪೆಟ್ರೋಲ್ ಗಾಡಿ ಅಭ್ಯಾಸದಲ್ಲಿ ನಡುವೆ ಎಲ್ಲೋ ಕೊಟ್ಟು ಎತ್ತುತ್ತಾರೆ. ಮ್ಯಾನ್ಯುಯಲ್ಲಿನಲ್ಲಿ ತೋರಿಸಿದ ನಾಲ್ಕು ಜಾಗದಲ್ಲೇ, ಮಧ್ಯೆ ರಬ್ಬರ್ ಪ್ಯಾಡ್ ಇಟ್ಟು ಎತ್ತಿಸಿ. ನಾನು ಪ್ಯಾಡ್ ಡಿಕ್ಕಿಯಲ್ಲೇ ಇಟ್ಟಿರುತ್ತೇನೆ. ನಟ್ಟನ್ನು ಗನ್ನಿನಲ್ಲಿ ಬಿಗಿದು ಬಿಡಬೇಡಿ ಅನ್ನಿ, ಕೊನೆಯ ಬಿಗಿ ಟಾರ್ಕ್ ರೆಂಚಿನಲ್ಲಿ ಆಗಲಿ. ಹಳೆ ಟೈರಿನ ಒಳಗೆ ಫೋಮ್ ಅಂಟಿಸಿದ್ದರೆ ಹೆದರಬೇಡಿ, ಅದು ಸದ್ದು ಕಡಿಮೆ ಮಾಡಲು. ಅದಿಲ್ಲದ ಟೈರ್ ಹಾಕಬಹುದು, ಪಂಕ್ಚರ್ ತೇಪೆಗೂ ಅದೇ ಸುಲಭ.

ಈಗ ಹೋಗಿ ಡ್ರೈವರ್ ಬಾಗಿಲ ಸ್ಟಿಕ್ಕರಿನ ಫೋಟೋ ಇಲ್ಲಿ ಹಾಕಿ, ನಾಲ್ಕೂ ಟೈರಿನ ಗ್ರಿಪ್ ಎಷ್ಟು ಉಳಿದಿದೆ ಅಂತ ಬರೆಯಿರಿ. ಹಿಂದಿನ ಜೋಡಿ ಇನ್ನೂ 3ರ ಮೇಲಿದ್ದರೆ ಸದ್ಯಕ್ಕೆ ಎರಡೇ ಹುಡುಕಿದರೆ ಸಾಕು, ಹೊಸದು ಹಿಂದೆ, ಈಗ ಹಿಂದಿರುವುದು ಮುಂದೆ. ಸಿಗುವವರೆಗೆ ಶಿರಾಡಿ ಘಾಟಿ ಕಡೆ ಹೋಗಬೇಡಿ, ಊರೊಳಗೆ ನಿಧಾನಕ್ಕೆ ಓಡಿಸಿ, ಮಳೆ ಬಂದರೆ ಗಾಡಿ ತೆಗೆಯಲೇಬೇಡಿ. ನಾನು ತಗೊಂಡ ಡೀಲರಿಗೆ ನಾಳೆ ಹತ್ತು ಗಂಟೆಗೆ ಫೋನ್ ಮಾಡಿ 98 ಇದೆಯಾ ಕೇಳುತ್ತೇನೆ, ಇದ್ದರೆ ತಾರೀಖಿನ ಫೋಟೋ ತರಿಸಿ ನಿಮಗೆ ಕಳಿಸುತ್ತೇನೆ.